ಸತ್ತವರ ಒಪ್ಪ

“ಇಂಥದ್ದು ಭೂಮಂಡಲದಲ್ಲೇ ಒಂದು!” ಎಂದು ಬಂದವರಿಗೆಲ್ಲ ಹೇಳಿ ಮೀಸೆ ತಿರುವುವುದೇ ಹಿರೇಕೊಪ್ಪದ ದೊರೆ ಬೊಮ್ಮಭೂಪಾಲನ ರಾಜಕಾರ್ಯ.

ಅವನಿಗೆ ಯಂತ್ರಗಳ ಹುಚ್ಚು. ಅದಕ್ಕಿಂತ ಹೆಚ್ಚಾಗಿ, ಮಾಡಿದವನು ಅದರ ಮೇಲೆ ಕೆತ್ತಿದ ಒಪ್ಪದ, ಅಂದರೆ ರುಜುವಿನ, ಹುಚ್ಚು. ನೀರೆತ್ತುವ ಯಂತ್ರವಿತ್ತು, ಒಂದು ದಿನವೂ ನೀರು ಕಂಡಿರಲಿಲ್ಲ. ಗುಟ್ಟಿನ ಬೀಗವಿತ್ತು, ತೆರೆಯುವುದು ಹೇಗೆಂದು ದೊರೆಗೇ ಗೊತ್ತಿರಲಿಲ್ಲ.

ಒಂದು ದಿನ ನೆರೆರಾಜ್ಯದ ರಾಯಭಾರಿ ಆ ಬೀಗ ನೋಡಿ ಮೂಗು ಮುರಿದ. “ಮಾಡಿದವನು ಬದುಕಿದ್ದಾನೆಯೇ? ಹಾಗಾದರೆ ಇದಕ್ಕೇನು ಬೆಲೆ? ನಾಳೆ ಇಂಥವು ಹತ್ತು ಕೆತ್ತಿಯಾನು. ನಮ್ಮ ದೊರೆಗಳ ಬಳಿ ಇರುವುದೆಲ್ಲ ಸತ್ತವರ ಒಪ್ಪ!”

ಬೊಮ್ಮಭೂಪಾಲನ ಮುಖ ಸುಟ್ಟ ಬದನೆಕಾಯಿಯಂತಾಯಿತು. ರಾಯಭಾರಿ ಅತ್ತ ಹೋದದ್ದೇ ತಡ, ಸಭೆಯಲ್ಲೇ ಮಂತ್ರಿ ಲಕ್ಕರಸನ ಕಡೆ ತಿರುಗಿದ.

“ಬೀಗ ಮಾಡಿದ ಕಾಳಾಚಾರಿಯ ತಲೆ ತೆಗೆಸು.”

“ಅವನು ಮಾಡಿದ ತಪ್ಪೇನು, ಮಹಾಸ್ವಾಮಿ?”

“ಇನ್ನೂ ಸತ್ತಿಲ್ಲ, ಅದೇ ತಪ್ಪು. ಒಪ್ಪ ಹಾಕಿದವನು ಸತ್ತರೆ ಒಪ್ಪದ ಬೆಲೆ ಹತ್ತು ಪಟ್ಟು ಏರುತ್ತದೆ. ಅಷ್ಟೂ ತಿಳಿಯದೆ ಮಂತ್ರಿಯಾದೆಯಾ?”

ಲಕ್ಕರಸನಿಗೆ ಒಳಗೊಳಗೇ ಸಿಟ್ಟು ಬಂತು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಈ ಅಲ್ಪ ಹಿಡಿಯುವುದು ಕತ್ತಿ! ಎಪ್ಪತ್ತು ದಾಟಿದ ಆ ಮುದುಕ ಒಂದು ಬೀಗ ಚೆನ್ನಾಗಿ ಮಾಡಿದ್ದಕ್ಕೆ ಸಾಯಬೇಕೆ?

ಬಾಯಲ್ಲಿ ಮಾತ್ರ ಬೆಲ್ಲ. “ಅಪ್ಪಣೆ. ಕಾರಣವನ್ನೂ ಬರೆಸಿ ಒಪ್ಪ ಹಾಕಿಕೊಟ್ಟರೆ ಒಳ್ಳೆಯದು.”

ದೊರೆ ಕಾರಣಸಹಿತ ಓಲೆ ಬರೆಸಿ ಗತ್ತಿನಿಂದ ಒಪ್ಪ ಹಾಕಿದ. ಲಕ್ಕರಸ ಮಸಿಯನ್ನು ಊದಿ ಆರಿಸಿದ, ಓಲೆಯನ್ನು ಕಣ್ಣಿಗೊತ್ತಿಕೊಂಡ, ನಿಂತಲ್ಲೇ ನಿಂತ.

“ಇನ್ನೇಕೆ ನಿಂತೆ?”

“ಇದೂ ಒಂದು ಒಪ್ಪ, ಮಹಾಸ್ವಾಮಿ. ಸದ್ಯಕ್ಕೆ ಕವಡೆ ಕಾಸಿನ ಬೆಲೆಯಿಲ್ಲ. ಹಾಕಿದವರು ಬದುಕಿದ್ದಾರಲ್ಲ!”

ಪಾನಕದ ಲೋಟ ಎತ್ತಿಕೊಳ್ಳುತ್ತಿದ್ದ ದೊರೆ ತಲೆಯೆತ್ತಿದ.

“ಏನೆಂದೆ?”

“ನನ್ನದೇನೂ ಅವಸರವಿಲ್ಲ, ಕಾಯುತ್ತೇನೆ. ಆದರೆ ಉಂಬಳಿ ಓಲೆ, ಅಪ್ಪಣೆ ಚೀಟಿ ಅಂತ ಮನೆಮನೆಯಲ್ಲೂ ತಮ್ಮ ಒಪ್ಪವಿದೆ. ಆಚಾರಿಯನ್ನು ಕೊಂದದ್ದು ಏಕೆಂದು ಡಂಗುರ ಸಾರಿದರೆ ಅವರೆಲ್ಲ ಕಾಯುತ್ತಾರೆಯೇ? ತಮ್ಮ ಅಡುಗೆಯವನ ಹತ್ತಿರವೇ ಎರಡಿವೆ.”

ದೊರೆ ಕೈಯಲ್ಲಿದ್ದ ಪಾನಕದ ಲೋಟವನ್ನು ಮೆಲ್ಲನೆ ಕೆಳಗಿಟ್ಟ. ಓಲೆ ಕಿತ್ತುಕೊಂಡು ಹರಿದು ಹಾಕಿದ.

“ಕಾಳಾಚಾರಿ ನೂರು ವರ್ಷ ಬಾಳಲಿ!”

ಲಕ್ಕರಸ ನಡು ಬಗ್ಗಿಸಿ ಕೈಮುಗಿದ. “ಮಹಾಸ್ವಾಮಿಗಳೂ ನೂರು ವರ್ಷ ಬಾಳಲಿ, ಹೀಗೇ ಅಗ್ಗವಾಗಿ.”