ಉಸಿರು ಮರೆಯುವ ಕೂಸು

ಹೊಳೆದಂಡೆಯ ಒಂದು ಆಶ್ರಮದಲ್ಲಿ ಮಹಾಂತ ಗುರುಗಳೆಂಬ ವೃದ್ಧರಿದ್ದರು. ಅವರ ಬಳಿ ಹಾಲೇಶ ಎಂಬ ಶಿಷ್ಯನಿದ್ದ. ವೈರಾಗ್ಯವೆಂದರೆ ಹಾಲೇಶನಿಗೆ ಪಂಚಪ್ರಾಣ.

ಸಾರಿಗೆ ಉಪ್ಪು ಕಡಿಮೆಯಾದರೂ ಕೇಳುತ್ತಿರಲಿಲ್ಲ. ಊರಿನವರು ಯಾರಾದರೂ ಎದುರಾಗಿ "ಚೆನ್ನಾಗಿದೀಯೇನೋ?" ಎಂದರೆ, "ಯಾರು ಚೆನ್ನಾಗಿರಬೇಕು?" ಎಂದು ತಿರುಗಿ ಕೇಳುತ್ತಿದ್ದ. ಒಮ್ಮೆ ಕೇಳಿದವರು ಎರಡನೇ ಸಲ ಕೇಳುತ್ತಿರಲಿಲ್ಲ.

ಒಂದು ಬೆಳಿಗ್ಗೆ ಅವನ ಭಾವ ಕೊಟ್ರೇಶ ಆಶ್ರಮಕ್ಕೆ ಫೋನ್ ಮಾಡಿದ. ಎತ್ತಿದ್ದು ಗುರುಗಳು.

ಹಾಲೇಶನ ಅಕ್ಕ ಅನಸೂಯಳಿಗೆ ಏಳನೇ ತಿಂಗಳಲ್ಲೇ ಹೆರಿಗೆಯಾಗಿತ್ತು. ಬಿಪಿ ವಿಪರೀತ ಏರಿ, ಆಪರೇಷನ್ ಮಾಡಿ ಮಗುವನ್ನು ತೆಗೆದಿದ್ದರು. ಹೆಣ್ಣು ಕೂಸು. ಈಗ ತಾಯಿ ಒಂದು ವಾರ್ಡಿನಲ್ಲಿ, ಕೂಸು ಇನ್ನೊಂದು ವಾರ್ಡಿನಲ್ಲಿ. ಯಾರ ಬಗ್ಗೆ ಕೇಳಿದರೂ ಡಾಕ್ಟರು "ನೋಡೋಣ" ಎನ್ನುತ್ತಿದ್ದರಂತೆ.

ವಿಷಯ ಕೇಳಿ ಹಾಲೇಶ ಕಣ್ಣು ಮುಚ್ಚಿ ಕೂತ. ಎದೆಯೊಳಗೆ ಏನೋ ಹಿಂಡಿದಂತಾಯಿತು. ಅದನ್ನು ಅವನು ಅಲ್ಲಗಳೆದ.

"ಗುರುಗಳೇ, ನಾನು ಸಂಬಂಧಗಳನ್ನೆಲ್ಲ ಬಿಟ್ಟವನು. ಹೋಗಬೇಕೋ, ಬೇಡವೋ?"

ಕಣ್ಣು ಬಿಟ್ಟು ನೋಡಿದರೆ ಗುರುಗಳು ಆಗಲೇ ಚಪ್ಪಲಿ ಮೆಟ್ಟಿಕೊಂಡು ಅಂಗಳದಲ್ಲಿದ್ದರು.

"ನೀನು ಬಿಟ್ಟೆ, ಸರಿ," ಎಂದರು ಗುರುಗಳು. "ಅವರು ನಿನ್ನನ್ನು ಬಿಟ್ಟಿದಾರಾ ಅಂತ ಕೇಳಿಕೊಂಡು ಬರೋಣ, ನಡಿ."

ಆಸ್ಪತ್ರೆಯಲ್ಲಿ ನವಜಾತ ಶಿಶುಗಳ ವಾರ್ಡಿನ ಹೊರಗೆ ಕೊಟ್ರೇಶ ನಿಂತಿದ್ದ. ಅವನು ಸ್ಕೂಲ್ ಯೂನಿಫಾರ್ಮ್ ಹೊಲಿಯುವ ಟೈಲರ್. ಕೊರಳಲ್ಲಿ ಟೇಪು ಹಾಗೇ ನೇತಾಡುತ್ತಿತ್ತು. ಮೂಗು ಕೆಂಪಗಾಗಿತ್ತು. ಅತ್ತು ಹಾಗಾಗಿದೆ ಎಂದುಕೊಂಡ ಹಾಲೇಶ. ಅಷ್ಟರಲ್ಲಿ ಕೊಟ್ರೇಶ ಒಂದರ ಹಿಂದೆ ಒಂದು ಸೀನತೊಡಗಿದ.

ಒಳಗಿನಿಂದ ಸಿಸ್ಟರ್ ಸಬೀನಾ ಬಂದರು. ಕೊಟ್ರೇಶನ ಕಡೆ ಬೆರಳು ತೋರಿಸಿ, "ಇನ್ನೂ ಹಿಂದೆ," ಎಂದರು. ಅವನು ಹಿಂದೆ ಸರಿದ. "ಇನ್ನೂ." ಅವನು ಮೆಟ್ಟಿಲ ಹತ್ತಿರ ಹೋಗಿ ನಿಂತ.

"ಮಗುವಿನ ಮೈಯಲ್ಲಿ ಕಾವು ನಿಲ್ಲುತ್ತಿಲ್ಲ," ಎಂದು ಸಿಸ್ಟರ್ ಇವರಿಬ್ಬರಿಗೂ ಹೇಳಿದರು. "ಮೆಷಿನ್ನಲ್ಲಿ ಇಟ್ಟಿದೀವಿ. ಆದರೆ ದಿನಕ್ಕೆ ಸಾಕಷ್ಟು ಹೊತ್ತು ಮನುಷ್ಯರ ಎದೆ ಮೇಲೆ ಇರಬೇಕು, ಆಗಲೇ ಚೇತರಿಸಿಕೊಳ್ಳೋದು. ಅಮ್ಮ ಏಳೋ ಹಾಗಿಲ್ಲ. ಅಪ್ಪನಿಗೆ ನೆಗಡಿ. ನಿಮ್ಮಲ್ಲಿ ಯಾರು ಬರ್ತೀರಿ?"

ಶಿಷ್ಯ ಗುರುವನ್ನು ನೋಡಿದ.

"ನನ್ನದು ಬರೀ ಮೂಳೆ, ಚುಚ್ಚುತ್ತೆ," ಎಂದರು ಗುರುಗಳು. "ಇವನ ಎದೆ ನೋಡಿ. ಪ್ರಾಣಾಯಾಮ ಮಾಡಿ ಮಾಡಿ ಬೆಳೆಸಿದ್ದಾನೆ. ಇಷ್ಟು ದಿನ ಯಾಕೆ ಅಂತ ನನಗೂ ಗೊತ್ತಿರಲಿಲ್ಲ."

"ನಾನು ಏನು ಮಾಡಬೇಕು?" ಎಂದ ಹಾಲೇಶ.

"ಏನೂ ಮಾಡಬಾರದು. ಮಗೂನ ಎದೆಗೆ ಒರಗಿಸಿಕೊಂಡು ಸುಮ್ಮನೆ ಕೂತಿರಬೇಕು," ಎಂದರು ಸಿಸ್ಟರ್.

"ಸುಮ್ಮನೆ ಕೂರುವುದೇ ನನ್ನ ಸಾಧನೆ," ಎಂದ ಹಾಲೇಶ.

"ಒಳ್ಳೇದಾಯ್ತು. ಮೊದಲು ಆ ಬೂದಿ ತೊಳ್ಕೊಂಡು ಬನ್ನಿ."

ಹಾಲೇಶ ಬೆಚ್ಚಿದ. "ಇದು ಬೂದಿಯಲ್ಲ, ವಿಭೂತಿ."

"ಮಗುವಿನ ಮೂಗಿಗೆ ಎರಡೂ ಒಂದೇ. ಕೊರಳಿನ ಸರವೂ ಬೇಡ, ಚುಚ್ಚುತ್ತೆ."

ದೀಕ್ಷೆಯ ದಿನ ಗುರುಗಳೇ ಕಟ್ಟಿದ ರುದ್ರಾಕ್ಷಿ ಅದು. ನಿದ್ದೆಯಲ್ಲೂ ತೆಗೆದಿರಲಿಲ್ಲ. ಗುರುಗಳು ಅಡ್ಡ ಬರುತ್ತಾರೆಂದು ಅವನು ಕಾದ.

ಗುರುಗಳು ಕೈ ಚಾಚಿದರು. "ಕೊಡು, ನಾನು ಹಿಡ್ಕೊಂಡಿರ್ತೀನಿ. ಸೋಪು ಇದೆಯೇನೋ ಕೇಳು."

ಮೇಲಿನ ಬಟ್ಟೆ ತೆಗೆದಿಟ್ಟು, ಸೋಪಿನಲ್ಲಿ ತಿಕ್ಕಿ ತೊಳೆದು, ತಲೆಗೊಂದು ಟೋಪಿ, ಮೂಗಿಗೊಂದು ಮಾಸ್ಕ್ ಹಾಕಿಕೊಂಡು ಹಾಲೇಶ ಒರಗುಕುರ್ಚಿಯಲ್ಲಿ ಕೂತ. ಸಿಸ್ಟರ್ ಕೂಸನ್ನು ತಂದು ಅವನ ಎದೆಯ ಮೇಲೆ ಮಲಗಿಸಿ, ಇಬ್ಬರನ್ನೂ ಸೇರಿಸಿ ಬಟ್ಟೆಯಿಂದ ಸುತ್ತಿ ಕಟ್ಟಿದರು.

ಇಷ್ಟು ಚಿಕ್ಕದನ್ನು ಅವನು ಕಂಡಿರಲಿಲ್ಲ. ಹಾಲು ಹೋಗಲು ಮೂಗಿನಲ್ಲೊಂದು ನೂಲಿನಂಥ ನಳಿಗೆ. ಪಾದದಲ್ಲೊಂದು ವೈರು, ಅದರ ಇನ್ನೊಂದು ತುದಿ ಪಕ್ಕದ ಮೆಷಿನ್ನಿಗೆ. ತಲೆಗೆ ಅಪ್ಪ ಹೊಲಿದ ಟೋಪಿ. ಸ್ಕೂಲ್ ಮಕ್ಕಳಿಗೇ ಹೊಲಿದು ಅಭ್ಯಾಸವಾದ ಕೈ, ಟೋಪಿ ಗಲ್ಲದವರೆಗೂ ಇಳಿದಿತ್ತು.

ಭಾರವೇ ಇರಲಿಲ್ಲ. ಎದೆಯ ಮೇಲೆ ಏನೋ ಇದೆ ಎಂದು ಗೊತ್ತಾಗುತ್ತಿದ್ದದ್ದು ಅದರ ಬಿಸಿಯಿಂದ ಮಾತ್ರ, ಅದೂ ಸಾಲದಷ್ಟು ಬಿಸಿ.

ಸ್ವಲ್ಪ ಹೊತ್ತಿಗೆ ಪಕ್ಕದ ಮೆಷಿನ್ ಕೂಗಿಕೊಂಡಿತು. ಸಿಸ್ಟರ್ ಬಂದು ಕೂಸಿನ ಅಂಗಾಲನ್ನು ಬೆರಳಲ್ಲಿ ಮೆಲ್ಲಗೆ ತಟ್ಟಿದರು. ಕೂಗು ನಿಂತಿತು.

"ಏನಾಯ್ತು?"

"ಉಸಿರಾಡೋದು ಮರೀತು."

"ಮರೆಯುತ್ತಾ?"

"ಬೇಗ ಹುಟ್ಟಿದ ಮಕ್ಕಳು ಮರೀತವೆ. ಇನ್ನೂ ರೂಢಿ ಆಗಿರಲ್ಲ. ಅಂಗಾಲು ತಟ್ಟಿ ನೆನಪು ಮಾಡಬೇಕು. ಅದರ ಉಸಿರಿನ ಮೇಲೇ ಗಮನ ಇರಲಿ."

ಹಾಲೇಶ ಗಮನವಿಟ್ಟ. ಆಶ್ರಮದಲ್ಲಿ ಉಸಿರನ್ನು ಗಮನಿಸುತ್ತ ಕೂತರೆ ನಾಲ್ಕು ಉಸಿರಿಗೆ ಅವನ ಮನಸ್ಸು ಅಡುಗೆಮನೆಗೆ ಹೋಗುತ್ತಿತ್ತು. ಇಲ್ಲಿ ಎಲ್ಲಿಗೂ ಹೋಗಲಿಲ್ಲ. ಮೂಗು ತುರಿಸಿತು, ಕೈ ಎತ್ತಲಿಲ್ಲ. ಕಾಲು ಜೋಮು ಹಿಡಿಯಿತು, ಅಲುಗಲಿಲ್ಲ. ಕೂಸು ಅವನ ಹೊಟ್ಟೆಯ ಮೇಲೆ ಬೆಚ್ಚಗೆ ಏನನ್ನೋ ಮಾಡಿತು. ಅದಕ್ಕೂ ಅಲುಗಲಿಲ್ಲ.

ಸಂಜೆ ಹೊರಗೆ ಬಂದಾಗ ಗುರುಗಳು ಬೆಂಚಿನ ಮೇಲೆ ಯಾರದೋ ಟಿಫಿನ್ ಕ್ಯಾರಿಯರ್ ಕಾಯುತ್ತ, ಇನ್ಯಾರದೋ ಟೀ ಕುಡಿಯುತ್ತ ಕೂತಿದ್ದರು.

"ಗುರುಗಳೇ, ಒಂದು ದೊಡ್ಡ ವಿಷಯ ತಿಳಿಯಿತು," ಎಂದ ಹಾಲೇಶ. "ನೀವು ಕೊಟ್ಟ ಮಂತ್ರವನ್ನು ಮೆಲ್ಲಗೆ ಹೇಳುತ್ತಿದ್ದೆ. ಹೇಳುತ್ತಿರುವಷ್ಟು ಹೊತ್ತೂ ಕೂಸು ಉಸಿರು ಮರೆಯಲಿಲ್ಲ. ನಿಲ್ಲಿಸಿದೆ, ಮೆಷಿನ್ ಕೂಗಿತು. ಮಂತ್ರಕ್ಕೆ ಶಕ್ತಿಯಿದೆ."

"ಹೌದಾ? ನಾಳೆಯೂ ಹೇಳು," ಎಂದರು ಗುರುಗಳು.

ಮರುದಿನ ಹಾಲೇಶ ಜಪ ಮಾಡಿದ್ದೇ ಮಾಡಿದ್ದು. ಮಧ್ಯಾಹ್ನದ ಹೊತ್ತಿಗೆ ಗಂಟಲು ಕಟ್ಟಿತು. ಮಂತ್ರ ನಡುವೆಲ್ಲೋ ಕಳಚಿಕೊಂಡಿತು, ಎಷ್ಟು ಹುಡುಕಿದರೂ ಮುಂದಿನ ಪದ ಸಿಗಲಿಲ್ಲ. ಸುಮ್ಮನಾಗಲು ಹೆದರಿಕೆ. ಬಾಯಿಗೆ ಬಂದದ್ದನ್ನು ಹೇಳತೊಡಗಿದ.

ಸಂಜೆ ತಲೆ ತಗ್ಗಿಸಿಕೊಂಡು ಬಂದ.

"ಗುರುಗಳೇ, ತಪ್ಪಾಯ್ತು. ಇಡೀ ಮಧ್ಯಾಹ್ನ ಅದರ ಕಿವಿಯಲ್ಲಿ ನಮ್ಮ ಆಶ್ರಮದ ಎಮ್ಮೆ ವಿಷಯ ಹೇಳಿದೆ."

"ಯಾವುದು? ಬೇಲಿ ಹಾರಿದ್ದಾ?"

"ಅದೂ ಹೇಳಿದೆ."

"ಕೂಸು ಉಸಿರು ಮರೆಯಿತಾ?"

"ಒಂದು ಸಲವೂ ಇಲ್ಲ."

"ಹಾಗಾದರೆ ಎಮ್ಮೆಗೂ ಶಕ್ತಿಯಿದೆ," ಎಂದು ಗುರುಗಳು ಟೀ ಲೋಟ ಕೆಳಗಿಟ್ಟರು.

ಅದರ ಮಾರನೇ ದಿನ ತೂಕ ನೋಡಿದಾಗ ಕೂಸಿನ ತೂಕ ಹುಟ್ಟಿದಾಗಿನದಕ್ಕಿಂತ ಕಡಿಮೆಯಾಗಿತ್ತು. ಮೊದಲ ದಿನಗಳಲ್ಲಿ ಎಲ್ಲ ಮಕ್ಕಳಿಗೂ ಹೀಗಾಗುತ್ತದೆ, ಆಮೇಲೆ ಏರುತ್ತದೆ ಎಂದು ಸಿಸ್ಟರ್ ಎಷ್ಟು ಹೇಳಿದರೂ ಹಾಲೇಶನಿಗೆ ಸಮಾಧಾನವಾಗಲಿಲ್ಲ. ಹೊರಗೆ ಓಡಿಬಂದ.

"ಗುರುಗಳೇ, ನನ್ನ ಎದೆಯ ಮೇಲೆ ಇದ್ದೂ ಕರಗುತ್ತಿದೆ. ನನ್ನಲ್ಲೇನೋ ದೋಷ ಇರಬೇಕು."

"ಪ್ರಯಾಣ ಮಾಡಿ ಬಂದವರು ಮೊದಲು ಗಂಟು ಇಳಿಸುತ್ತಾರೆ. ಆಮೇಲೆ ಊಟಕ್ಕೆ ಕೂರುತ್ತಾರೆ," ಎಂದರು ಗುರುಗಳು. "ಅದರಲ್ಲಿ ನಿನ್ನ ದೋಷಕ್ಕೆ ಎಲ್ಲಿ ಜಾಗ?"

ಮೆಟ್ಟಿಲ ಹತ್ತಿರದಿಂದ ಕೊಟ್ರೇಶ ಕೂಗಿದ. "ತೂಕ ಇಳೀತಾ? ಹಾಗಾದರೆ ಟೋಪಿ ಇನ್ನೂ ಬಿಚ್ಚಿ ಹೊಲೀಬೇಕು." ಮೂರನೇ ಟೋಪಿ ಅವನ ಕೈಯಲ್ಲಿತ್ತು. ಹಾಕಿ ನೋಡಿದಾಗ ಅದು ಹುಬ್ಬಿನವರೆಗೆ ಮಾತ್ರ ಇಳಿದಿತ್ತು. ಹೇಳಿ ಮುಗಿಸಿ ಅವನು ಗೋಡೆ ಕಡೆ ತಿರುಗಿಕೊಂಡ. ಈ ಸಲ ಸೀನಲಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ಮೆಷಿನ್ ಕೂಗಿತು. ಹಾಲೇಶ ಅಂಗಾಲು ತಟ್ಟಿದ. ಕೂಗು ನಿಲ್ಲಲಿಲ್ಲ. ಮತ್ತೆ ತಟ್ಟಿದ, ಬೆನ್ನು ಸವರಿದ. ಎದೆಯ ಮೇಲಿನ ಆ ಸಣ್ಣ ಏರಿಳಿತ ಇರಲಿಲ್ಲ. ತುಟಿ ನೇರಳೆಯಾಗಿತ್ತು.

ಸಿಸ್ಟರ್ ಬಂದು ಬಟ್ಟೆ ಬಿಚ್ಚಿ ಕೂಸನ್ನು ಎತ್ತಿಕೊಂಡರು. ಡಾಕ್ಟರ್ ಓಡಿಬಂದರು. ಕೂಸಿನ ಮುಖಕ್ಕೆ ಪುಟ್ಟ ಮಾಸ್ಕ್ ಒತ್ತಿ ಬಲೂನಿನಂಥದ್ದನ್ನು ಹಿಸುಕುತ್ತ ಉಸಿರು ಕೊಡತೊಡಗಿದರು. ಯಾರೋ ಹಾಲೇಶನ ಭುಜ ಹಿಡಿದು ಹೊರಗೆ ಕಳಿಸಿದರು.

ಬರಿಮೈಯಲ್ಲಿ ಅವನು ಕಾರಿಡಾರಿನಲ್ಲಿ ನಿಂತ. ಎದೆಯ ಮೇಲೆ ಕೂಸು ಇದ್ದ ಜಾಗ ತಣ್ಣಗಾಗುತ್ತಿತ್ತು.

"ಗುರುಗಳೇ, ಏನಾದರೂ ಮಾಡಿ."

ಗುರುಗಳು ಎದ್ದು ನಿಂತರು.

"ಮಂತ್ರ ಹೇಳಿ. ನೀವು ಹೇಳಿದರೆ ನಡೆಯುತ್ತೆ."

"ಈಗ ಯಾವುದೂ ನೆನಪಿಗೆ ಬರುತ್ತಿಲ್ಲ ಹಾಲೇಶ," ಎಂದರು ಗುರುಗಳು. ಅವರ ಮುಖ ಬಿಳಿಚಿಕೊಂಡಿತ್ತು. ತಮ್ಮ ಶಾಲನ್ನು ತೆಗೆದು ಅವನಿಗೆ ಹೊದಿಸಿದರು. ಎರಡು ಸಲ ಗಂಟು ಹಾಕಲು ಹೋದರು, ಬೀಳಲಿಲ್ಲ. ಕೊನೆಗೆ ಶಾಲಿನ ಎರಡು ತುದಿಯನ್ನೂ ಸೇರಿಸಿ ಕೈಯಲ್ಲೇ ಹಿಡಿದುಕೊಂಡು ನಿಂತರು.

ಗುರುಗಳಿಗೂ ಹೆದರಿಕೆಯಾಗುತ್ತದೆ ಎಂದು ಹಾಲೇಶನಿಗೆ ಗೊತ್ತಾದದ್ದು ಆಗಲೇ. ಯಾಕೋ ಅದರಿಂದ ಅವನ ಕಾಲಿಗೆ ಸ್ವಲ್ಪ ಬಲ ಬಂತು.

ಬಹಳ ಹೊತ್ತಾದ ಮೇಲೆ ಬಾಗಿಲು ತೆರೆಯಿತು.

"ಇಲ್ಲಿ ನಿಂತು ಏನು ಮಾಡ್ತಿದೀರಿ?" ಎಂದರು ಸಿಸ್ಟರ್ ಸಬೀನಾ. ಅವರ ಹಣೆಯ ಮೇಲೆ ಬೆವರಿತ್ತು. "ಉಸಿರು ಬಂತು. ಅಳ್ತಾ ಇದೆ. ಡಾಕ್ಟರು ಇವತ್ತೆಲ್ಲ ಮೆಷಿನ್ನಲ್ಲೇ ಇಟ್ಟು ನೋಡ್ತಾರೆ. ನಾಳೆ ಬೆಳಿಗ್ಗೆ ಬೇಗ ಬನ್ನಿ. ಎದೆ ಬೆಚ್ಚಗಿಟ್ಟುಕೊಳ್ಳಿ, ನೀವೂ ನೆಗಡಿ ಹಿಡಿಸಿಕೊಂಡರೆ ನನ್ನ ಹತ್ತಿರ ಬೇರೆ ಯಾರೂ ಇಲ್ಲ."

ಗುರುಗಳು ಶಾಲು ಬಿಟ್ಟು ಬೆಂಚಿನ ಮೇಲೆ ಕುಸಿದರು. ಮೆಟ್ಟಿಲ ಹತ್ತಿರ ಕೊಟ್ರೇಶ ಬಿಕ್ಕಳಿಸುತ್ತಿದ್ದ. ಅದು ನೆಗಡಿಯಲ್ಲ ಎಂದು ಎಲ್ಲರಿಗೂ ತಿಳಿಯಿತು.

ಆಮೇಲೆ ಕೂಸು ದಿನದಿನಕ್ಕೂ ಉಸಿರಾಟ ಕಲಿಯಿತು. ತೂಕ ಏರಲು ಶುರುವಾಯಿತು. ಹಾಲೇಶ ಎಮ್ಮೆಯ ಕಥೆ ಮುಗಿಸಿ ನಾಯಿಯ ಕಥೆಗೆ ಬಂದ. ಅಕ್ಕಪಕ್ಕದ ಕೂಸುಗಳ ಅಮ್ಮಂದಿರೂ ಕಿವಿಗೊಡುತ್ತಿದ್ದರು. ನಡುವೆ ನಿಲ್ಲಿಸಿದರೆ, "ಆಮೇಲೆ ನಾಯಿ ಏನ್ಮಾಡ್ತು, ಸ್ವಾಮಿಗಳೇ?" ಎನ್ನುತ್ತಿದ್ದರು.

ಅನಸೂಯಳ ಬಿಪಿ ಇಳಿಯಿತು. ಒಂದು ದಿನ ಅವಳನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಬಂದರು. ತಮ್ಮನ ಎದೆಗಂಟಿದ್ದ ಮಗಳನ್ನು ಅವಳು ಮೊದಲ ಸಲ ಕಂಡದ್ದು ಅಲ್ಲಿ. ಕುರ್ಚಿಯಲ್ಲೇ ಮುಂದಕ್ಕೆ ಬಾಗಿ ನೋಡಿದಳು. ಆಮೇಲೆ ಎರಡೂ ಕೈ ಚಾಚಿದಳು.

"ಕೊಡೋ."

ಹಾಲೇಶ ಕೊಡಲಿಲ್ಲ. "ಅಕ್ಕ, ಅದಕ್ಕೆ ಕುತ್ತಿಗೆ ಬಲಕ್ಕೆ ತಿರುಗಿಸಿದರೇ ಆಗೋದು."

"ಸರಿ, ಕೊಡು."

"ಅಂಗಾಲು ತಟ್ಟುವಾಗ ಮೆಲ್ಲಗೆ. ಮತ್ತೆ ಮಾತಾಡ್ತಾ ಇರಬೇಕು. ಎಮ್ಮೆ ವಿಷಯ ಆದರೆ ಒಳ್ಳೇದು."

"ಹಾಲೇಶ, ಹೆತ್ತವಳು ನಾನು ಕಣೋ."

ಕೂಸು ಅವನ ಎದೆಗೂದಲನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಿತ್ತು. ಸಿಸ್ಟರ್ ಒಂದೊಂದೇ ಬೆರಳು ಬಿಡಿಸಬೇಕಾಯಿತು. ಹಾಲೇಶನ ಕಣ್ಣಲ್ಲಿ ನೀರು ಬಂತು. ಕೂದಲು ಕಿತ್ತು ಬಂದದ್ದಕ್ಕೆ ಎಂದು ಅವನು ಎಲ್ಲರಿಗೂ ಹೇಳಿದ.

ಅಮ್ಮನ ಎದೆಗೆ ಹೋದ ಕೂಸು ಒಮ್ಮೆ ನರಳಿತು, ಕುತ್ತಿಗೆಯನ್ನು ಎಡಕ್ಕೆ ತಿರುಗಿಸಿ ನಿದ್ದೆ ಹೋಯಿತು.

ಗುರು ಶಿಷ್ಯರಿಬ್ಬರೂ ಬಸ್ ಹಿಡಿದು, ಇಳಿದು, ಹೊಳೆದಂಡೆಯ ದಾರಿಯಲ್ಲಿ ನಡೆದರು. ಆಶ್ರಮ ಕಾಣುವಷ್ಟರಲ್ಲಿ ಹಾಲೇಶ ನಿಂತುಬಿಟ್ಟ.

"ಗುರುಗಳೇ, ನಾನು ಕೆಟ್ಟೆ."

"ಯಾಕೆ?"

"ಎದೆ ಖಾಲಿಖಾಲಿ ಅನ್ನಿಸುತ್ತಿದೆ. ಈಗ ಮಲಗಿರಬಹುದು, ಈಗ ಹಾಲು ಕುಡಿಯುತ್ತಿರಬಹುದು, ಇದೇ ಯೋಚನೆ. ಹೆಜ್ಜೆ ಮುಂದಕ್ಕೆ ಬರುತ್ತಿಲ್ಲ. ಇಷ್ಟು ವರ್ಷ ಎಲ್ಲವನ್ನೂ ಬಿಟ್ಟು ಕೂತಿದ್ದವನು ನಾನು. ಈಗ ಅಂಗೈಯಗಲದ ಒಂದು ಕೂಸನ್ನು ಬಿಡೋಕಾಗುತ್ತಿಲ್ಲ. ನನ್ನ ವೈರಾಗ್ಯವೆಲ್ಲ ಹೊಳೆಪಾಲಾಯಿತು."

ಗುರುಗಳು ಅವನ ಭುಜದ ಮೇಲೆ ಕೈಯಿಟ್ಟರು.

"ನೀನು ಎಲ್ಲ ಬಿಟ್ಟು ನನ್ನ ಹತ್ತಿರ ಬಂದೆಯಲ್ಲ, ಆವತ್ತು ನೀನು ಬಿಟ್ಟದ್ದು ಒಂದು ಸೈಕಲ್ಲು. ಅದೂ ನಿಮ್ಮ ಭಾವಂದು. ಬಿಡೋಕೆ ಅಂತ ನಿನಗೆ ಏನಾದರೂ ಸಿಕ್ಕಿರೋದು ಇವತ್ತೇ."