ದೊರೆಸಾನಿಯ ಗಡಿಯಾರ, ಕ್ವಾಕುವಿನ ಮೂಗು

"೧೭೪೮, ಜುಲೈ ೯. ಮೂರನೆಯ ತೊಟ್ಟಿಯಲ್ಲೂ ನೀಲಿ ಚೆನ್ನಾಗಿ ಬಂತು. ಶೋಧ ನನ್ನದೇ." ದಿನಚರಿಯಲ್ಲಿ ಹೀಗೆ ಬರೆದವಳು ಪ್ರೂಡೆನ್ಸ್ ದೊರೆಸಾನಿ.

ಕೇಳಿ ಮಕ್ಕಳೇ. ಅಮೆರಿಕವನ್ನು ಇಂಗ್ಲೆಂಡಿನ ರಾಜ ಆಳುತ್ತಿದ್ದ ಕಾಲ. ಅಲ್ಲಿನ ದಕ್ಷಿಣ ಕರಾವಳಿಯಲ್ಲಿ ಈ ದೊರೆಸಾನಿಗೆ ನೀಲಿಗಿಡದ ತೋಟವಿತ್ತು. ಮನೆತುಂಬ ಪುಸ್ತಕ, ಸೊಂಟದಲ್ಲಿ ಗಡಿಯಾರ. ಆದರೆ ನೀಲಿ ಬಣ್ಣ ತೆಗೆಯಲು ಅದರ ಸೊಪ್ಪನ್ನು ತೊಟ್ಟಿಯ ನೀರಿನಲ್ಲಿ ಎಷ್ಟು ಹೊತ್ತು ನೆನೆಸಬೇಕೆಂದು ಅವಳ ಯಾವ ಪುಸ್ತಕವೂ ಹೇಳಲಿಲ್ಲ. ಬೇಗ ಬಸಿದರೆ ಬಣ್ಣವಿಲ್ಲ, ತಡವಾದರೆ ಕೊಳೆತು ಕಪ್ಪು. ಆ ಹದ ಗೊತ್ತಿದ್ದವನು ಕ್ವಾಕು, ಆಫ್ರಿಕದಿಂದ ಹಿಡಿದು ತಂದ ಗುಲಾಮ. ಅವನ ಹೆಂಡತಿ ಅಬೆನಾ ನದಿಯಾಚೆಯ ತೋಟದಲ್ಲಿದ್ದಳು. ಅವಳನ್ನು ಸೇರುವುದೊಂದೇ ಅವನ ಆಸೆ.

"ಮೂರು ತೊಟ್ಟಿ ನೀಲಿ ತೆಗೆದುಕೊಡು, ಬಿಡುಗಡೆಯ ಪತ್ರ ಬರೆದುಕೊಡುತ್ತೇನೆ" ಎಂದಳು ದೊರೆಸಾನಿ.

ಕ್ವಾಕು ತೊಟ್ಟಿಗೆ ಬಾಗಿ ಮೂಸಿದ. "ಈಗ ಬಸಿಯಿರಿ" ಎಂದ. ನೀಲಿ ಬಂತು. ದೊರೆಸಾನಿ ಗಡಿಯಾರ ನೋಡಿ ಬರೆದುಕೊಂಡಳು: ನೆನೆದದ್ದು ಹನ್ನೆರಡು ಗಂಟೆ ಹೊತ್ತು. ಆ ವಾರವೆಲ್ಲ ಮೋಡ, ಸೆಕೆ ಒಂದೇ ಹದ. ಎರಡನೆಯ ತೊಟ್ಟಿಗೂ ಹನ್ನೆರಡು. ಮೂರನೆಯದಕ್ಕೂ ಹನ್ನೆರಡು.

"ಅಮ್ಮಾ, ನನ್ನ ಪತ್ರ?"

"ಗಡಿಯಾರಕ್ಕೆ ಗೊತ್ತಿರುವುದನ್ನು ಹೇಳಿದ್ದಕ್ಕೆ ಪತ್ರ ಬೇರೆ ಬೇಕೇನೋ ನಿನಗೆ?"

ತನ್ನ ಶೋಧವೆಂದು ಲಂಡನ್ನಿನ ಪಂಡಿತರಿಗೆ ಕಾಗದ ಬರೆದಳು. ಮರುವರ್ಷ ಆಗಸ್ಟಿನಲ್ಲಿ ಒಬ್ಬ ಪಂಡಿತ ನೋಡಲು ಬಂದ. ಅವನೆದುರು ಮೆರೆಯಲು ವರ್ಷದ ಬೆಳೆಯನ್ನೆಲ್ಲ ಒಂದೇ ದಿನ ಐದು ತೊಟ್ಟಿಗೆ ಹಾಕಿಸಿದಳು. ಅಂದು ಸುಡುಬಿಸಿಲು, ಸೊಪ್ಪು ಬೇಗ ಹದಕ್ಕೆ ಬಂತು. ಒಂಬತ್ತನೆಯ ಗಂಟೆಗೇ ಕ್ವಾಕುವಿನ ಮೂಗರಳಿತು. ದೊರೆಸಾನಿ ಅದನ್ನು ಕಂಡಳು. ಕೇಳಲು ಬಾಯಿ ಬರಲಿಲ್ಲ.

ಪಂಡಿತನೇ ಕೇಳಿದ: "ಏನಯ್ಯಾ, ಹದ ಬಂತೇ?"

"ನನಗೇನು ಗೊತ್ತು ದೊರೆ? ಗಡಿಯಾರ ಅಮ್ಮನವರ ಹತ್ತಿರ ಇದೆ."

ಅವಳ ಕಿವಿ ಕೆಂಪಾಯಿತು. ಆದರೂ ಹನ್ನೆರಡು ಗಂಟೆ ತುಂಬುವ ತನಕ ಕಾದಳು. ಬಸಿದರೆ ಐದು ತೊಟ್ಟಿಯಲ್ಲೂ ನಾತ, ಕಪ್ಪು ನೀರು.

ಪಂಡಿತ ಮೂಗಿಗೆ ಕರವಸ್ತ್ರ ಹಿಡಿದ. "ಇದೇನಮ್ಮ ನಿಮ್ಮ ಶೋಧ?"

ದೊರೆಸಾನಿ ನೆಲ ನೋಡುತ್ತ ಹೇಳಿದಳು: "ನನ್ನದಲ್ಲ. ವಿದ್ಯೆ ಇವನದು. ನಾನು ಕದ್ದೆ. ಕದಿಯುವುದಕ್ಕೂ ಬರಲಿಲ್ಲ."

ಅಂದೇ ಪತ್ರ ಬರೆದು ಎರಡೂ ಕೈಯಿಂದ ಕೊಟ್ಟಳು. ಕ್ವಾಕು ತಿರುಗಿ ನೋಡದೆ ನದಿ ದಾಟಿದ.

ಇನ್ನೊಬ್ಬರ ವಿದ್ಯೆ ಬರೆದುಕೊಂಡ ಮಾತ್ರಕ್ಕೆ ನಮ್ಮದಾಗುವುದಿಲ್ಲ ಮಕ್ಕಳೇ. ಕಲಿಸಿದವರಿಗೆ ಕೊಟ್ಟ ಮಾತು ತಪ್ಪಬಾರದು.

ದೊರೆಸಾನಿ ಕಳೆದುಕೊಂಡದ್ದು ಒಂದು ವರ್ಷದ ಬೆಳೆ, ಪಂಡಿತರ ನಡುವಿನ ಹೆಸರು. ಕ್ವಾಕು ಕಳೆದುಕೊಂಡದ್ದು ಹದಿಮೂರು ತಿಂಗಳು. ಅಬೆನಾ ಅದರಲ್ಲಿ ಹನ್ನೊಂದನೆಯ ತಿಂಗಳಲ್ಲೇ ಜ್ವರ ಬಂದು ತೀರಿಕೊಂಡಿದ್ದಳು.