ಕಾವಿನ ಕಂಬಳಿ

ಹಜಾರದ ಮೂಲೆಯ ಬುಟ್ಟಿಯಲ್ಲಿ ಒಂದು ಹೇಂಟೆ ಏಳು ಮೊಟ್ಟೆಗಳ ಮೇಲೆ ಕಾವಿಗೆ ಕೂತಿತ್ತು. ಹತ್ತು ದಿನವಾಗುವಷ್ಟರಲ್ಲಿ ಅದರ ಕಾಲು ಜೋಮು ಹಿಡಿದಿತ್ತು.

ಎದುರಿಗಿದ್ದ ಟೀವಿ ಕೇಳಿತು, "ಯಾಕಮ್ಮ ಈ ಕಷ್ಟ? ನಮ್ಮಲ್ಲಿ ಕಾವಿನ ಕಂಬಳಿ ಇದೆ. ಮೊಟ್ಟೆಗಳಿಗೆ ಹೊದಿಸಿ ನೀವು ಹಿತ್ತಲಲ್ಲಿ ಹಾಯಾಗಿರಿ, ಮರಿಗಳು ತಾವಾಗಿ ಹೊರಬರುತ್ತವೆ. ಈ ಕೊಡುಗೆ ಇವತ್ತೊಂದೇ ದಿನ."

ಮರುದಿನವೂ ಅದೇ ಮಾತು ಹೇಳಿತು, ಅದರ ಮರುದಿನವೂ. ಐದನೆಯ ದಿನ ಹೇಂಟೆ ಬೆಲೆ ಕೇಳಿತು.

"ನಿಮ್ಮ ಎದೆಯ ತುಪ್ಪಳ ಕೊಟ್ಟರೆ ಸಾಕು. ಇನ್ನು ಅದರಿಂದ ನಿಮಗೇನು ಕೆಲಸ?"

ಬೆಳಿಗ್ಗೆ ಕಾಗೆಯೊಂದು ಕೆಂಪು ಕಂಬಳಿ ತಂದುಕೊಟ್ಟು, ಎದೆಯ ತುಪ್ಪಳವನ್ನೆಲ್ಲ ಕಿತ್ತುಕೊಂಡು ಹೋಯಿತು. ಹೇಂಟೆ ಮೊಟ್ಟೆಗಳಿಗೆ ಕಂಬಳಿ ಹೊದಿಸಿ ಹಿತ್ತಲಿಗೆ ಇಳಿಯಿತು. ಸಂಜೆ ಬಂದು ಮುಟ್ಟಿದರೆ ಮೊಟ್ಟೆಗಳು ತಣ್ಣಗಾಗಿದ್ದವು. ಗಾಬರಿಯಲ್ಲಿ ಕಂಬಳಿ ಎಳೆದಾಗ ಹೊಲಿಗೆ ಬಿಚ್ಚಿತು. ಒಳಗೆ ತುಂಬಿದ್ದುದು ಯಾವ್ಯಾವುದೋ ಕೋಳಿಗಳ ಎದೆಯ ತುಪ್ಪಳ.

"ಇದರಲ್ಲಿ ಕಾವೇ ಇಲ್ಲವಲ್ಲ," ಎಂದಿತು ಹೇಂಟೆ.

"ಇದಕ್ಕಿಂತ ದಪ್ಪನೆಯದು ಬಂದಿದೆ," ಎಂದಿತು ಟೀವಿ. "ರೆಕ್ಕೆಯ ಗರಿ ಕೊಟ್ಟರೆ ಸಾಕು."

ಹೇಂಟೆ ಟೀವಿಗೆ ಬೆನ್ನು ಹಾಕಿ, ಬೋಳು ಎದೆಯನ್ನು ಮೊಟ್ಟೆಗಳಿಗೆ ಒತ್ತಿ, ಎರಡೂ ರೆಕ್ಕೆ ಹರಡಿ ಕೂತಿತು. ದಿನ ತುಂಬಿದಾಗ ಏಳರಲ್ಲಿ ಎರಡು ಮಾತ್ರ ಒಡೆದು ಮರಿಗಳಾದವು. ಅವುಗಳನ್ನು ರೆಕ್ಕೆಯಡಿಗೆ ಎಳೆದುಕೊಂಡು, ಉಳಿದ ಐದು ಮೊಟ್ಟೆಗಳ ಮೇಲಿಂದ ತಾಯಿ ಮತ್ತೆ ಮೂರು ದಿನ ಏಳಲೇ ಇಲ್ಲ.